ಚಿಕ್ಕ ಸ್ಕೋಪ್ ಯಾವುದು ತೆಗೆದುಕೊಳ್ಳಲಿ? ಟಾರ್ಗೆಟ್‌ಗೂ ಬೇಕು, ತೋಟದ ಹೆಗ್ಗಣಕ್ಕೂ ಬೇಕು

ಕನಕಪುರ ರೋಡ್:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು .177 ಸ್ಪ್ರಿಂಗ್ ಏರ್ ರೈಫಲ್ ಇದೆ. ನಳಿಗೆ ಮಡಚಿ ಪೆಲೆಟ್ ಹಾಕುವಂಥದ್ದು. ವಯಸ್ಸು 46. ಹೋದ ದೀಪಾವಳಿ ಹೊತ್ತಿಗೆ ಚಾಳೀಸು ಬಂತು. ಈಗ ಹಿಂದಿನ ಸೈಟ್‌ನ ಕಚ್ಚು ಮಸುಕು, ಮುಂದಿನ ಕಡ್ಡಿ ಪರವಾಗಿಲ್ಲ, ಟಾರ್ಗೆಟ್ ಎಲ್ಲೋ ಹಿಂದೆ ತೇಲುತ್ತದೆ. ಮೂರನ್ನೂ ಒಟ್ಟಿಗೆ ನೋಡು ಅಂದರೆ ಕಣ್ಣು ಮಾತು ಕೇಳುವುದಿಲ್ಲ. ಹಾಗಾಗಿ ಸ್ಕೋಪ್ (ರೈಫಲ್ ಮೇಲೆ ಕೂರಿಸುವ ಗುರಿ ದುರ್ಬೀನು) ಹಾಕೋಣ ಅಂತ.

ಭಾನುವಾರ ಕ್ಲಬ್ಬಿನಲ್ಲಿ 10 ಮೀಟರ್ ಹೊಡೆಯುತ್ತೇನೆ. ತಿಂಗಳಿಗೊಮ್ಮೆ ಕನಕಪುರದ ಆಚೆ ಮಾವನವರ ತೆಂಗಿನ ತೋಟದಲ್ಲಿ 25 ಮೀಟರ್. ಅಲ್ಲಿ ಹೆಗ್ಗಣದ ಕಾಟವೂ ಇದೆ. ಅಮೆರಿಕದವರ ವಿಡಿಯೋಗಳಲ್ಲಿ 'ವಾರ್ಮಿಂಟ್ ಸ್ಕೋಪ್' ಅಂತ 6-24×50 (ಝೂಮ್ 6ರಿಂದ 24, ಮುಂದಿನ ಲೆನ್ಸ್ 50 ಮಿಲಿಮೀಟರ್) ತೋರಿಸುತ್ತಾರೆ. ಕ್ಲಬ್ಬಿನಲ್ಲಿ ಒಬ್ಬರ ಅಂಥದ್ದನ್ನು ನನ್ನ ರೈಫಲ್ ಮೇಲೆ ಇಟ್ಟು ನೋಡಿದೆ. ಇಲಿಯ ಮೇಲೆ ಗಣಪತಿ ಕೂತ ಹಾಗಿತ್ತು. ಚಿಕ್ಕದು, ಹಗುರದ್ದು ಬೇಕು. ಬಜೆಟ್ 12 ಸಾವಿರ. ಡಿಸೆಂಬರ್‌ನಲ್ಲಿ ಕಸಿನ್ ಅಮೆರಿಕದಿಂದ ಬರುತ್ತಾನೆ, ಬ್ಯಾಗಿನಲ್ಲಿ ಹಾಕಿಕೊಂಡು ಬಾ ಅನ್ನಬಹುದು. ಯಾವುದು ಹೇಳಲಿ?

ಪೆಲೆಟ್ ಪುಟ್ಟ:
ಗುರು, ದೊಡ್ಡದೇ ತಗೋ. ಝೂಮ್ ಜಾಸ್ತಿ ಇದ್ದರೆ ಇಳಿಸಿಕೊಳ್ಳಬಹುದು. ಕಮ್ಮಿ ಇದ್ದರೆ ಏರಿಸೋಕಾಗುತ್ತಾ? ನನ್ನದು 6-24. 25 ಮೀಟರ್‌ನಲ್ಲಿ ಪೆಲೆಟ್ ಬಿದ್ದ ತೂತು ಇಲ್ಲಿಂದಲೇ ಕಾಣುತ್ತದೆ. ನಡೆದು ಹೋಗಿ ನೋಡುವ ಕೆಲಸವೇ ಇಲ್ಲ.

ಬಾಯ್ಸಿ ಬಸವನಗುಡಿ:
ನಾನು ಐಡಾಹೊ ರಾಜ್ಯದ ಬಾಯ್ಸಿಯಲ್ಲಿ ಇರುವವನು, ಮೂಲ ಬಸವನಗುಡಿ. ಈ ವಾರ್ಮಿಂಟ್ ಅನ್ನುವ ಮಾತು ಇಲ್ಲಿನದು, ಅದಕ್ಕೇ ಸ್ವಲ್ಪ ಹೇಳುತ್ತೇನೆ. ಬೆಳೆಗೋ ಸಾಕುಪ್ರಾಣಿಗೋ ಕಾಟ ಕೊಡುವ ಪ್ರಾಣಿ ಅಂತ ಅರ್ಥ. ಇಲ್ಲಿ ಮುಖ್ಯವಾಗಿ ಗ್ರೌಂಡ್ ಸ್ಕ್ವಿರಲ್. ನಮ್ಮ ಅಳಿಲಿನ ಹಾಗೆ ಮರದ ಮೇಲೆ ಇರುವುದಲ್ಲ, ನೆಲದಲ್ಲಿ ಬಿಲ ತೋಡಿಕೊಂಡು ಇರುತ್ತದೆ. ಚಳಿ ಮುಗಿಯುತ್ತಿದ್ದ ಹಾಗೆ ಎದ್ದು ಕುದುರೆ ಮಸಾಲೆ ಸೊಪ್ಪಿನ ಹೊಲಗಳಿಗೆ ನುಗ್ಗುತ್ತದೆ. ಬೇಸಿಗೆ ಜೋರಾದ ಮೇಲೆ ಮತ್ತೆ ಬಿಲ ಸೇರಿ ಮಲಗುತ್ತದೆ. ರೈತರೇ ಕರೆದು ಹೊಡೆಯಿರಿ ಅನ್ನುತ್ತಾರೆ. ನನಗೆ ಇಲ್ಲಿನ ಬೇಟೆ ಲೈಸೆನ್ಸ್ ಇದೆ.

ನೀವು ವಿಡಿಯೋದಲ್ಲಿ ನೋಡುವ ದೊಡ್ಡ ಸ್ಕೋಪ್ ಬಯಲು ಸೀಮೆಯ ಪ್ರೇರಿ ಡಾಗ್‌ಗೆ. ಹೆಚ್ಚೆಂದರೆ ಒಂದೂವರೆ ಕೇಜಿ ತೂಗುವ ಪ್ರಾಣಿ, ದೂರ 200-300 ಗಜ. ಅದಕ್ಕೆ .223, .22-250 ಥರದ ವೇಗದ ತೋಟಾ, ಮೇಲೆ 4-16 ಅಥವಾ 6-24. ಅಲ್ಲಿ ಅದು ನ್ಯಾಯ. ಆದರೆ .22 ಎಲ್.ಆರ್. ಅನ್ನುವ ಸಣ್ಣ ತೋಟಾದ ರೈಫಲ್ ಹಿಡಿದು 100 ಗಜದೊಳಗೆ ಹೊಡೆಯುವವರು ಯಾರೂ ಅಷ್ಟು ದೊಡ್ಡದು ಹೊರುವುದಿಲ್ಲ. ನನ್ನ .22 ಮೇಲೆ ಇರುವುದು 2-7×32. ತೂಕ 400 ಗ್ರಾಂ ಆಸುಪಾಸು. ಝೂಮ್ ಜಾಸ್ತಿ ಆದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ. ಕಣ್ಣಿಟ್ಟು ಪ್ರಾಣಿಯನ್ನು ಹುಡುಕುವುದರೊಳಗೆ ಅದು ಬಿಲ ಸೇರಿರುತ್ತದೆ. ಬಿಸಿಲು ಏರಿದ ಮೇಲಂತೂ 16ಕ್ಕೆ ತಿರುಗಿಸಿದರೆ ನೆಲದ ಮೇಲಿನ ಗಾಳಿ ಕುದಿಯುವುದಷ್ಟೇ ಕಾಣುತ್ತದೆ.

ಇನ್ನೊಂದು. ಕಸಿನ್ ಬ್ಯಾಗಿನಲ್ಲಿ ತರುವ ಯೋಚನೆ ಬಿಟ್ಟುಬಿಡಿ. ರೈಫಲ್ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿದೆ. ಎಷ್ಟೋ ಅಂಗಡಿಗಳು ಅದಕ್ಕೇ ಹೊರದೇಶಕ್ಕೆ ಕಳಿಸುವುದಿಲ್ಲ. ಪಾಪ, ಊರಿಗೆ ಬರುವ ಹುಡುಗ ಏರ್‌ಪೋರ್ಟಿನಲ್ಲಿ ಕೂತು ಉತ್ತರ ಕೊಡುವುದು ಬೇಡ.

ಕೊಡಗಿನ ಕೋವಿ:
ಸ್ಕೋಪ್ ಆಮೇಲೆ. ಮೊದಲು ಆ 'ಕಾಟದ ಪ್ರಾಣಿ' ಮಾತು ಮುಗಿಸೋಣ. ಐಡಾಹೊ ಕಾನೂನು ಕನಕಪುರಕ್ಕೆ ಬರುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ. ಹಿಂದೆ ಅದರಲ್ಲಿ ಕಾಟದ ಪ್ರಾಣಿಗಳದ್ದೇ ಒಂದು ಅನುಸೂಚಿ ಇತ್ತು, ಐದನೆಯದು. ಕಾಗೆ, ಇಲಿ, ಹಣ್ಣು ತಿನ್ನುವ ಬಾವಲಿ ಅದರಲ್ಲಿದ್ದವು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ತೆಗೆದರು, 2023ರ ಏಪ್ರಿಲ್ 1ರಿಂದ ಜಾರಿ. ಈಗ ಕೇಂದ್ರ ಸರ್ಕಾರ ಇಂಥ ಪ್ರಾಣಿ, ಇಂಥ ಜಾಗ, ಇಷ್ಟು ಕಾಲ ಅಂತ ಅಧಿಸೂಚನೆ ಹೊರಡಿಸಬೇಕು. ಬಿಹಾರದಲ್ಲಿ ನೀಲಗಾಯ್‌ಗೆ, ಉತ್ತರಾಖಂಡದಲ್ಲಿ ಕಾಡುಹಂದಿಗೆ ಹಿಂದೆ ಹಾಗೆ ಮಾಡಿದ್ದರು. ನವಿಲು ತೆಂಗಿನ ಸಸಿ ಕುಕ್ಕಿತು, ಕೋತಿ ಎಳನೀರು ಕಿತ್ತಿತು ಅಂತ ಏರ್ ಗನ್ ಎತ್ತಿದರೆ ಜೈಲೇ ಗತಿ.

ನಮ್ಮ ಕಡೆಯವರಿಗೆ ಕೋವಿ ಲೈಸೆನ್ಸ್ ವಿನಾಯಿತಿ ಇದೆಯಲ್ಲ ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಲೇ ಇರುತ್ತಾರೆ. ಇದೆ. 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ. ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ. ಮರದ ತುದಿಗೆ ಕಟ್ಟಿದ ಕಾಯಿ ಒಡೆದು ನೀರು ಸುರಿಯುವುದನ್ನು ನೋಡಿದವರಿಗೆ ಬೇರೆ ಬೇಟೆ ಬೇಕಾಗುವುದಿಲ್ಲ. ಸ್ಕೋಪ್ ಇಲ್ಲದೆ ಹೊಡೆಯುತ್ತೇವೆ ಅನ್ನುವುದು ಬೇರೆ ಮಾತು, ಬಿಡಿ.

ಕನಕಪುರ ರೋಡ್:
ಕೋವಿ ಅಣ್ಣ, ನವಿಲು ಕೋತಿ ಸುದ್ದಿಗೆ ನಾನು ಹೋಗುವವನಲ್ಲ. ಹೆಗ್ಗಣ ಅಷ್ಟೇ. ಎಳೆಯ ಕಾಯಿ ಹಾಳು ಮಾಡುತ್ತಿವೆ, ಕೋಳಿ ಗೂಡಿನ ಕೆಳಗೆ ಸುರಂಗವೇ ತೋಡಿವೆ.

ಕೊಡಗಿನ ಕೋವಿ:
ಹೆಗ್ಗಣ ಯಾವಾಗ ಹೊರಗೆ ಬರುತ್ತದೆ ಹೇಳಿ? ಕತ್ತಲಾದ ಮೇಲೆ. ನೀವು ಟಾರ್ಚ್ ಕಟ್ಟಿಕೊಂಡು, ಕೋಳಿ ಗೂಡಿನ ಪಕ್ಕ, ಕಲ್ಲು ಕಟ್ಟಡದ ಮುಂದೆ ಪೆಲೆಟ್ ಹೊಡೆಯುತ್ತೀರಾ? ಕಲ್ಲಿಗೆ ಬಡಿದ ಸೀಸ ಯಾವ ಕಡೆ ಹಾರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಅರ್ಧಂಬರ್ಧ ತಗುಲಿದ ಹೆಗ್ಗಣ ಬಿಲದೊಳಗೆ ಹೋಗಿ ಸತ್ತರೆ ವಾರವಿಡೀ ನಾತ ಬೇರೆ. ಬೋನು ಇಡಿ ಸ್ವಾಮಿ. ಒಣಕೊಬ್ಬರಿ ಚೂರು ಕಟ್ಟಿ.

ಹಳೇ ಲೆನ್ಸ್:
ನಿವೃತ್ತಿಯಾಗಿದ್ದೇನೆ. ಮೂವತ್ತು ವರ್ಷ ಲೆನ್ಸ್ ಉಜ್ಜುವ, ಅಳೆಯುವ ಕೆಲಸ ಮಾಡಿದವನು. ಕೋವಿಯವರು ಕತ್ತಲ ಮಾತು ಎತ್ತಿದ್ದು ಒಳ್ಳೆಯದಾಯಿತು. ಮುಂದಿನ ಲೆನ್ಸಿನ ಅಗಲವನ್ನು ಝೂಮ್‌ನಿಂದ ಭಾಗಿಸಿ. 32 ಭಾಗಿಸು 4, ಅಂದರೆ 8 ಮಿಲಿಮೀಟರ್. ಕಣ್ಣಿನ ಹತ್ತಿರ ಬರುವ ಬೆಳಕಿನ ಬಿಲ್ಲೆ ಅಷ್ಟು ಅಗಲ. ನಮ್ಮ ಕಣ್ಣಿನ ಪಾಪೆ ಕತ್ತಲಲ್ಲಿ ಹೆಚ್ಚೆಂದರೆ 7 ಮಿಲಿಮೀಟರ್ ತೆರೆಯುತ್ತದೆ, ನಮ್ಮಂಥ ವಯಸ್ಸಾದವರದ್ದು ಅದಕ್ಕೂ ಕಡಿಮೆ. ಹಾಗಾಗಿ 4ರಲ್ಲಿ ಧಾರಾಳ. ಅದೇ 32ರ ಲೆನ್ಸಿನಲ್ಲಿ 12ಕ್ಕೆ ಏರಿಸಿದರೆ 2.7 ಮಿಲಿಮೀಟರ್. ಚಿತ್ರ ಮಂಕು. ತಲೆ ಸ್ವಲ್ಪ ಅಲುಗಿದರೂ ಕಪ್ಪು ನೆರಳು. ಸಣ್ಣ ಸ್ಕೋಪಿಗೆ ದೊಡ್ಡ ಝೂಮ್ ತುಂಬಿಸಿದವರು ಬಾಕ್ಸ್ ಮೇಲೆ ಈ ಲೆಕ್ಕ ಬರೆಯುವುದಿಲ್ಲ.

ಆದರೆ ನಿಮಗೆ ಇದಕ್ಕಿಂತ ಮುಖ್ಯವಾದದ್ದು ಪ್ಯಾರಲಾಕ್ಸ್. ಎಲ್ಲರೂ ಝೂಮ್ ಕೇಳುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ. ಹಳೇ ಗೋಡೆ ಗಡಿಯಾರವನ್ನು ಪಕ್ಕದಿಂದ ನೋಡಿ, ಮುಳ್ಳು ಒಂದು ನಿಮಿಷ ಆಚೀಚೆ ತೋರಿಸುತ್ತದೆ ಅಲ್ವಾ? ಮುಳ್ಳಿಗೂ ಅಂಕಿಗೂ ನಡುವೆ ಜಾಗ ಇದೆ, ಅದಕ್ಕೆ. ಸ್ಕೋಪಿನ ಒಳಗೂ ಹಾಗೇ. ಟಾರ್ಗೆಟ್‌ನ ಬಿಂಬ ಒಂದು ಕಡೆ, ಗುರಿಯ ಗೆರೆ ಇನ್ನೊಂದು ಕಡೆ ಕೂತರೆ ಕಣ್ಣು ಸರಿದ ಹಾಗೆಲ್ಲ ಗೆರೆಯೂ ಸರಿಯುತ್ತದೆ. ಎರಡೂ ಒಂದೇ ಕಡೆ ಕೂರುವ ಒಂದು ದೂರವನ್ನು ಕಂಪನಿಯವರೇ ಕೂರಿಸಿ ಕಳಿಸಿರುತ್ತಾರೆ. ದೊಡ್ಡ ರೈಫಲ್ ಸ್ಕೋಪಿಗೆ ಸಾಮಾನ್ಯವಾಗಿ 100 ಗಜ. ರಿಮ್‌ಫೈರ್ (.22 ಎಲ್.ಆರ್. ಥರದ ಸಣ್ಣ ತೋಟಾ) ಅಂತ ಬರೆದಿದ್ದರೆ 50 ಅಥವಾ 60 ಗಜ.

ಈಗ ನಿಮ್ಮ 10 ಮೀಟರ್ ತೆಗೆದುಕೊಳ್ಳಿ. 100 ಗಜಕ್ಕೆ ಕೂರಿಸಿದ 32ರ ಲೆನ್ಸ್, ಕಣ್ಣು ಪೂರ್ತಿ ಅಂಚಿಗೆ ಸರಿದಿದೆ ಅಂದುಕೊಳ್ಳಿ. ತಪ್ಪು ಸುಮಾರು 14 ಮಿಲಿಮೀಟರ್. 50 ಗಜದ್ದಾದರೂ 12ರ ಮೇಲೆ. 10 ಮೀಟರ್ ಏರ್ ರೈಫಲ್ ಟಾರ್ಗೆಟ್‌ನ ಕಪ್ಪು ಭಾಗದ ಅಗಲವೇ 30.5 ಮಿಲಿಮೀಟರ್. ರೈಫಲ್ ಸರಿ, ಪೆಲೆಟ್ ಸರಿ, ಉಸಿರು ಸರಿ. ಕೆನ್ನೆ ಇಟ್ಟ ಜಾಗ ಬೇರೆಯಾಯಿತು ಅಂತ ಕಪ್ಪಿನ ನಡುವೆ ಬೀಳಬೇಕಾದದ್ದು ಅಂಚಿಗೆ ಹೋಗುತ್ತದೆ.

ಆದ್ದರಿಂದ ಎ.ಒ., ಅಂದರೆ ದೂರಕ್ಕೆ ತಕ್ಕ ಹಾಗೆ ಪ್ಯಾರಲಾಕ್ಸ್ ಸರಿಪಡಿಸುವ ವ್ಯವಸ್ಥೆ, ಇರುವುದನ್ನೇ ತೆಗೆದುಕೊಳ್ಳಿ. ಮುಂದಿನ ಲೆನ್ಸಿನ ಸುತ್ತ ತಿರುಗುವ ಬಳೆ ಇರುತ್ತದೆ. ಕೆಲವದರಲ್ಲಿ ಪಕ್ಕದಲ್ಲಿ ಗುಬುಟು. ಬಳೆಯ ಮೇಲೆ ಬರೆದ ಅತಿ ಚಿಕ್ಕ ಅಂಕಿ 10 ಇರಬೇಕು. 50ರಿಂದ ಶುರುವಾದರೆ ಅಂಗಡಿಯಲ್ಲೇ ವಾಪಸ್ ಕೊಟ್ಟುಬಿಡಿ.

ಪೆಲೆಟ್ ಪುಟ್ಟ:
ಸರ್, 24ರಲ್ಲಿ ಇಟ್ಟು ಎ.ಒ. ತಿರುಗಿಸಿದರೆ ದೂರವೇ ಗೊತ್ತಾಗುತ್ತದೆ. ಎಲ್ಲಿ ಚಿತ್ರ ಚೂಪಾಯಿತೋ ಅದೇ ದೂರ. ಫೀಲ್ಡ್ ಟಾರ್ಗೆಟ್ ಆಡುವವರು ಹಾಗೇ ಮಾಡುವುದು.

ಹಳೇ ಲೆನ್ಸ್:
ನಿಜ. ಆ ಆಟದಲ್ಲಿ ದೂರ ಹೇಳುವುದಿಲ್ಲ, ನೀವೇ ಅಳೆಯಬೇಕು. ಅವರಿಗೆ ದೊಡ್ಡ ಝೂಮ್ ಬೇಕು. ಇವರ ತೋಟದಲ್ಲಿ ದೂರ ಅಳೆಯುವುದಕ್ಕೆ ಮಾವನವರ ಟೇಪ್ ಇದೆ.

ಪೀಪ್ ಸೈಟ್:
ನಾನು ಸ್ಪರ್ಧೆಯಲ್ಲಿ 10 ಮೀಟರ್ ಹೊಡೆಯುತ್ತೇನೆ. ಒಂದು ವಿಷಯ ಯಾರೂ ಹೇಳಲಿಲ್ಲ. ಒಲಿಂಪಿಕ್ಸ್ ಮಾದರಿಯ ಏರ್ ರೈಫಲ್‌ನಲ್ಲಿ ದೂರದರ್ಶಕ ಇರುವ ಸೈಟ್‌ಗೆ ಅವಕಾಶವೇ ಇಲ್ಲ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಸಣ್ಣ ತೂತಿನ ಪೀಪ್ ಸೈಟ್‌ನಲ್ಲೇ. ಟಾರ್ಗೆಟ್‌ನ ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಮುಂದೆ ಸ್ಪರ್ಧೆಗೆ ಇಳಿಯುವ ಆಸೆ ಇದ್ದರೆ ಸ್ಕೋಪಿಗೆ 12 ಸಾವಿರ ಸುರಿಯಬೇಡಿ. ಚಾಳೀಸಿಗೂ ಪೀಪ್ ಒಳ್ಳೆಯದು, ಸಣ್ಣ ತೂತಿನಿಂದ ನೋಡಿದರೆ ದೂರದ್ದೂ ಹತ್ತಿರದ್ದೂ ಸ್ವಲ್ಪ ಚೂಪಾಗುತ್ತದೆ. ನಮ್ಮಮ್ಮ ಕನ್ನಡಕ ಸಿಗದಿದ್ದಾಗ ಬೆರಳು ಮಡಚಿ ಅದರ ಸಂದಿಯಿಂದ ಔಷಧಿ ಚೀಟಿ ಓದುತ್ತಾರೆ, ಅದೇ ವಿದ್ಯೆ.

ಕನಕಪುರ ರೋಡ್:
ಮೇಡಂ, ಸ್ಪರ್ಧೆ ನನ್ನ ಕೈಲಾಗುವುದಲ್ಲ. ಭಾನುವಾರ ಎರಡು ಗಂಟೆ ಫೋನ್ ಮುಟ್ಟದೆ ಇರುವುದಕ್ಕೆ ಒಂದು ನೆಪ ಇದು. ಸ್ಕೋಪೇ ಇರಲಿ.

ಹೆಸರಘಟ್ಟ ಹೈದ:
ಅಣ್ಣ, ಸ್ಪ್ರಿಂಗ್ ರೈಫಲ್ ಅಂದಿರಲ್ಲ, ಅದಕ್ಕೆ ನನ್ನ ಕಥೆ ಹೇಳಲೇಬೇಕು. ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ 'ದೊಡ್ಡ ರೈಫಲ್‌ಗೇ ಹಾಕುತ್ತಾರೆ, ನಿಮ್ಮ ಏರ್ ಗನ್ ಯಾವ ಲೆಕ್ಕ' ಅಂತ ಹೇಳಿ ಒಂದು 3-9×40 ಕೊಟ್ಟರು. ಮುನ್ನೂರು ಪೆಲೆಟ್ ಕೂಡ ಹೊಡೆದಿರಲಿಲ್ಲ. ಒಂದು ದಿನ ಕಣ್ಣಿಟ್ಟರೆ ಗುರಿಯ ಗೆರೆ ಓರೆ. ಕೂಡಿಸುವ ಗುರುತು ಗುಣಿಸುವ ಗುರುತಾಗಿತ್ತು. ಅಲ್ಲಾಡಿಸಿದರೆ ಒಳಗೆ ಕಿಣಿಕಿಣಿ ಸದ್ದು. ಅಂಗಡಿಯವರು 'ನೀವು ಬೀಳಿಸಿದ್ದೀರಿ' ಅಂದರು. ಬೀಳಿಸಿರಲಿಲ್ಲ.

ಆಮೇಲೆ ಗೊತ್ತಾಯಿತು. ದೊಡ್ಡ ರೈಫಲ್ ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ಗನ್ ಒಳಗೆ ಪಿಸ್ಟನ್ ಮುಂದಕ್ಕೆ ಓಡುವಾಗ ರೈಫಲ್ ಹಿಂದಕ್ಕೆ ಬರುತ್ತದೆ, ಪಿಸ್ಟನ್ ಹೋಗಿ ಬಡಿದಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಎರಡೂ ಕಡೆ ಏಟು. ಒಂದೇ ಕಡೆಯ ಏಟಿಗೆ ಕಟ್ಟಿದ ಲೆನ್ಸು ಸಡಿಲವಾಗುತ್ತದೆ. ಬಾಕ್ಸ್ ಮೇಲೆ ಸ್ಪ್ರಿಂಗ್ ಏರ್ ಗನ್‌ಗೆ ಆಗುತ್ತದೆ ಅಂತ ಬರೆದಿದೆಯಾ ನೋಡಿ. ಬರೆದಿಲ್ಲ ಅಂದರೆ ಅಂಗಡಿಯವರ ಬಾಯಿ ಮಾತು ನಂಬಬೇಡಿ.

ಬಾಯ್ಸಿ ಬಸವನಗುಡಿ:
ಇದು ಸರಿಯಾದ ಮಾತು. ನನ್ನ ವೋರ್ಟೆಕ್ಸ್ ಕ್ರಾಸ್‌ಫೈರ್ 2-7×32 ರಿಮ್‌ಫೈರ್‌ದು, ಪ್ಯಾರಲಾಕ್ಸ್ 50 ಗಜಕ್ಕೆ ಕೂರಿಸಿದ್ದು. .22ಗೆ ಚಿನ್ನ. ಲೆನ್ಸ್ ಸರ್ ಹೇಳಿದ ಲೆಕ್ಕದಲ್ಲಿ ನಿಮ್ಮ 10 ಮೀಟರ್‌ಗೆ ದಂಡ. ಅದೇ ಅಳತೆಯಲ್ಲಿ ಹಾಕ್ ಕಂಪನಿಯ ಏರ್‌ಮ್ಯಾಕ್ಸ್ 2-7×32 ಎ.ಒ. ಇದೆ, ಏರ್ ಗನ್‌ಗೆ ಅಂತಲೇ ಮಾಡಿದ್ದು. ಅಲ್ಲೇ ಡೀಲರ್ ಹತ್ತಿರ ಸಿಗುತ್ತದಾ ಕೇಳಿ. ಬ್ರ್ಯಾಂಡ್ ಯಾವುದಾದರೂ ಇರಲಿ, ಆ ಜಾತಿಯದು ಹುಡುಕಿ.

ಹಳೇ ಲೆನ್ಸ್:
ಅಂಗಡಿಯಲ್ಲಿ ಮಾಡುವ ಪರೀಕ್ಷೆ ಒಂದಿದೆ. ಸ್ಕೋಪನ್ನು ಕೈಯಲ್ಲಿ ಹಿಡಿಯಬೇಡಿ, ಮೇಜಿನ ಮೇಲೆ ಎರಡು ಪುಸ್ತಕದ ನಡುವೆ ಅಲುಗದ ಹಾಗೆ ಇಡಿ. 10 ಮೀಟರ್ ಆಚೆ ಗೋಡೆಯ ಮೇಲೆ ಒಂದು ಚುಕ್ಕೆಗೆ ಗೆರೆ ಕೂರಿಸಿ. ಈಗ ಸ್ಕೋಪ್ ಮುಟ್ಟದೆ ತಲೆಯನ್ನು ಮಾತ್ರ ನಿಧಾನಕ್ಕೆ ಎಡಬಲ, ಮೇಲೆ ಕೆಳಗೆ ಆಡಿಸಿ. ಗೆರೆ ಚುಕ್ಕೆಗೆ ಅಂಟಿಕೊಂಡಿದ್ದರೆ ಸರಿ, ತೇಲಿದರೆ ಬಳೆ ತಿರುಗಿಸಿ. ಯಾವ ಅಂಕಿಯಲ್ಲೂ ತೇಲುವುದು ನಿಲ್ಲದಿದ್ದರೆ ನಮಸ್ಕಾರ ಹೇಳಿ ಹೊರಡಿ.

ಇದಕ್ಕೂ ಮುಂಚೆ ಕಣ್ಣಿನ ಕಡೆಯ ಬಳೆ ಸರಿ ಮಾಡಿಕೊಳ್ಳಬೇಕು. ಬಿಳಿ ಗೋಡೆ ನೋಡಿ, ಗೆರೆ ಕರಿಯಾಗಿ ಚೂಪಾಗಿ ಕಾಣುವ ತನಕ ತಿರುಗಿಸಿ. ದಿಟ್ಟಿಸಿ ನೋಡುತ್ತಾ ಕೂರಬೇಡಿ, ಕಣ್ಣು ತಾನೇ ಹೊಂದಿಸಿಕೊಂಡು ಮೋಸ ಮಾಡುತ್ತದೆ. ಎರಡು ಸೆಕೆಂಡ್ ನೋಡಿ, ಬೇರೆ ಕಡೆ ನೋಡಿ, ಮತ್ತೆ ನೋಡಿ. ಮತ್ತೆ ಲೆನ್ಸನ್ನು ದಯವಿಟ್ಟು ಪಂಚೆ ಅಂಚಿನಿಂದ ಒರೆಸಬೇಡಿ. ನಮ್ಮ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟರೆ ಬೂಸ್ಟು ಬರುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ.

ಕೊಡಗಿನ ಕೋವಿ:
ರೈಫಲ್ ಪೇಪರ್ ಸರಿ ಇದೆ ತಾನೇ? 2016ರ ಆಯುಧ ನಿಯಮದಲ್ಲಿ ಏರ್ ರೈಫಲ್‌ಗೆ 20 ಜೂಲ್ ಮಿತಿ ಇದೆ.

ಕನಕಪುರ ರೋಡ್:
ಇದೆ ಅಣ್ಣ. ಬಿಲ್ಲು, ಆಧಾರ್ ಕೊಟ್ಟ ರಸೀದಿ ಎಲ್ಲ ಇದೆ. ಕ್ಲಬ್ಬಿನ ಯಂತ್ರದಲ್ಲಿ ಅಳೆದಾಗ ಸೆಕೆಂಡಿಗೆ 180 ಮೀಟರ್ ಬಂತು. ಪೆಲೆಟ್ 0.52 ಗ್ರಾಂ. ಎಂಟೂವರೆ ಜೂಲ್ ಹತ್ತಿರ. ಅಂಗಡಿಗೆ ಈ ಶನಿವಾರ ಹೋಗುತ್ತೇನೆ.

ಕನಕಪುರ ರೋಡ್ (ಎರಡು ವಾರದ ಮೇಲೆ):
ತೆಗೆದುಕೊಂಡೆ. 2-7×32 ಎ.ಒ., ಬಳೆ 10 ಗಜದಿಂದ ಶುರು. ಕ್ಲಬ್ಬಿನ ಹಿರಿಯರೊಬ್ಬರು ಪಿ.ಸಿ.ಪಿ. (ಮೊದಲೇ ಗಾಳಿ ತುಂಬಿಸಿಡುವ) ರೈಫಲ್‌ಗೆ ಹೋದರು, ಅವರದನ್ನೇ 9 ಸಾವಿರಕ್ಕೆ ಕೊಟ್ಟರು. ಅಂಗಡಿಯಲ್ಲಿ ಎರಡು ಪುಸ್ತಕ ಕೇಳಿದಾಗ ಅವರು ನನ್ನನ್ನು ನೋಡಿದ ನೋಟಕ್ಕಿಂತ ಇದೇ ವಾಸಿ ಅನ್ನಿಸಿತು. ಹಿರಿಯರ ಮನೆಯಲ್ಲಿ ಧಾರಾಳವಾಗಿ ಪರೀಕ್ಷೆ ಮಾಡಿದೆ, ಗೆರೆ ತೇಲಲಿಲ್ಲ.

ಆದರೆ ತೋಟದಲ್ಲಿ ತಲೆ ಕೆಟ್ಟಿತು. 25 ಮೀಟರ್‌ನಲ್ಲಿ ಮೂರೂವರೆ ಸೆಂಟಿಮೀಟರ್ ಕೆಳಗೆ ಬೀಳುತ್ತಿತ್ತು. ಗುರಿಯ ಗೆರೆ ಸರಿಸುವ ಗುಬುಟನ್ನು ಐದು ಕ್ಲಿಕ್ ಏರಿಸಿದೆ. ಏನೂ ಆಗಲಿಲ್ಲ ಅನ್ನುವಷ್ಟು ಕಡಿಮೆ ಸರಿಯಿತು. ಕೆಟ್ಟಿದೆಯಾ?

ಹೆಸರಘಟ್ಟ ಹೈದ:
ಕೆಟ್ಟಿಲ್ಲ. ಆ ಗುಬುಟಿನ ಮೇಲೆ ಕಾಲು ಎಂ.ಒ.ಎ. (ಕೋನದ ಅಳತೆ, ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಭಾಗ) ಅಂತ ಇದೆಯಲ್ಲ, ಅದು 100 ಮೀಟರ್‌ನಲ್ಲಿ ಒಂದು ಕ್ಲಿಕ್ಕಿಗೆ 7 ಮಿಲಿಮೀಟರ್ ಚಿಲ್ಲರೆ. 25 ಮೀಟರ್‌ನಲ್ಲಿ ಅದರ ಕಾಲು ಭಾಗ, 1.8. ಐದು ಕ್ಲಿಕ್ಕಿಗೆ 9 ಮಿಲಿಮೀಟರ್ ಅಷ್ಟೇ. ನಿಮಗೆ ಹತ್ತೊಂಬತ್ತು ಬೇಕಿತ್ತು. 10 ಮೀಟರ್‌ನಲ್ಲಂತೂ ಒಂದು ಕ್ಲಿಕ್ ಮುಕ್ಕಾಲು ಮಿಲಿಮೀಟರ್ ಕೂಡ ಇಲ್ಲ. ಧೈರ್ಯವಾಗಿ ತಿರುಗಿಸಿ.

ಕನಕಪುರ ರೋಡ್:
ತಿರುಗಿಸಿದೆ. ಹತ್ತು ಪೆಲೆಟ್ ಚೆನ್ನಾಗಿ ಬಿತ್ತು, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ. ಮಾವನವರನ್ನು ಕರೆದು ತೋರಿಸಿದೆ. ಅವರು ಬಂದು ನಿಂತ ಮೇಲೆ ಮುಂದಿನ ಹತ್ತು ಮೆಲ್ಲಗೆ ಮೇಲಕ್ಕೆ ನಡೆಯಿತು. ಇಪ್ಪತ್ತಾಗುವ ಹೊತ್ತಿಗೆ ಎರಡು ಸೆಂಟಿಮೀಟರ್ ಮೇಲೆ. 'ಇದಕ್ಕಾ ಒಂಬತ್ತು ಸಾವಿರ' ಅಂದರು.

ಹೆಸರಘಟ್ಟ ಹೈದ:
ಸ್ಕೋಪ್ ಜಾರುತ್ತಿದೆ ಅಣ್ಣ. ಸ್ಪ್ರಿಂಗ್ ಗನ್ ಮುಂದಕ್ಕೆ ಜಗ್ಗಿದಾಗ ಸ್ಕೋಪ್ ನಿಂತಲ್ಲೇ ನಿಲ್ಲಲು ನೋಡುತ್ತದೆ, ಹಾಗಾಗಿ ಮೌಂಟ್ (ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ಕ್ಲಾಂಪ್) ಸಮೇತ ಕಣ್ಣಿನ ಕಡೆಗೆ ಸರಿಯುತ್ತದೆ. ಹಳಿಯ ಮೇಲೆ ಮೌಂಟಿನ ಹಿಂದೆ ಪೆನ್ಸಿಲ್ ಗೆರೆ ಹಾಕಿ ಹತ್ತು ಹೊಡೆದು ನೋಡಿ. ಮೌಂಟ್ ಅಡಿಯಲ್ಲಿ ಒಂದು ಸಣ್ಣ ಪಿನ್ ಇದೆಯಾ? ರೈಫಲ್‌ನ ಹಳಿಯ ಹಿಂದೆ ಅದಕ್ಕೆ ಒಂದು ತೂತು ಇರುತ್ತದೆ.

ಕನಕಪುರ ರೋಡ್:
ಗೆರೆ ಹಾಕಿದೆ. ಹತ್ತು ಪೆಲೆಟ್‌ಗೆ ಒಂದೂವರೆ ಮಿಲಿಮೀಟರ್ ಹಿಂದೆ ಬಂದು ಗೆರೆಯನ್ನೇ ಮುಚ್ಚಿಕೊಂಡಿತ್ತು! ಪಿನ್ ಇತ್ತು, ಆದರೆ ಪೂರ್ತಿ ಮೇಲಕ್ಕೆ ತಿರುಗಿಸಿ ಇಟ್ಟಿದ್ದರು. ಅದಕ್ಕೆ ಬೇಕಾದ ಅಲೆನ್ ಕೀ ನನ್ನ ಸೆಟ್ಟಿನಲ್ಲಿ ಇರಲಿಲ್ಲ. ಸೋಮವಾರ ಎಸ್.ಪಿ. ರೋಡಿಗೆ ಹೋಗಿ ತಂದೆ. ಪಿನ್ ಇಳಿಸಿ ತೂತಿಗೆ ಕೂರಿಸಿದೆ. ಸ್ಕ್ರೂಗಳನ್ನು ಒಂದೇ ಸಲ ಬಿಗಿಯದೆ, ಓರೆಕೋರೆಯಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ, ಕಾರಿನ ಚಕ್ರದ ನಟ್ಟಿನ ಹಾಗೆ.

ಹೋದ ಭಾನುವಾರ ಐವತ್ತು ಹೊಡೆದೆ. ಗೆರೆ ಇದ್ದಲ್ಲೇ ಇದೆ. ಇನ್ನೊಂದು ತಮಾಷೆ ಗೊತ್ತಾಯಿತು. 25ಕ್ಕೆ ಕೂರಿಸಿದ ಮೇಲೆ 10 ಮೀಟರ್‌ನಲ್ಲೂ ಹೆಚ್ಚು ಕಡಿಮೆ ನಡುವೆಯೇ ಬೀಳುತ್ತದೆ. ನಡುವಿನ 17ರಲ್ಲಿ ಒಂದು ಸೆಂಟಿಮೀಟರ್ ಮೇಲೆ, 5ರಲ್ಲಿ ಎರಡು ಸೆಂಟಿಮೀಟರ್ ಕೆಳಗೆ. ಇದು ಯಾಕೆ ಹೀಗೆ?

ಹಳೇ ಲೆನ್ಸ್:
ಸ್ಕೋಪ್ ನಳಿಗೆಗಿಂತ ನಾಲ್ಕೂವರೆ ಸೆಂಟಿಮೀಟರ್ ಮೇಲೆ ಕೂತಿದೆ. ನಿಮ್ಮ ನೋಟ ನೇರ, ಪೆಲೆಟ್ ಕೆಳಗಿನಿಂದ ಹತ್ತಿ ಅದನ್ನು ದಾಟಿ ಮತ್ತೆ ಇಳಿಯುವಾಗ ಇನ್ನೊಮ್ಮೆ ದಾಟುತ್ತದೆ. ನಿಮ್ಮ ರೈಫಲ್ ವೇಗಕ್ಕೆ ಆ ಎರಡು ಜಾಗ 10 ಮತ್ತು 25 ಆಗಿದೆ. ಕ್ಲಬ್ಬಿಗೂ ತೋಟಕ್ಕೂ ಗುಬುಟು ಮುಟ್ಟಬೇಕಾಗಿಲ್ಲ. ಪ್ಯಾರಲಾಕ್ಸ್ ಬಳೆ ಮಾತ್ರ ಮರೆಯದೆ ತಿರುಗಿಸಿ. ನಿಮಗೆ ಸಿಕ್ಕಿದ್ದು ಅದೃಷ್ಟ, ಲೆಕ್ಕ ಅಲ್ಲ.

ಪೆಲೆಟ್ ಪುಟ್ಟ:
ಎಲ್ಲ ಸರಿ ಗುರು. 7ರ ಝೂಮ್‌ನಲ್ಲಿ 25 ಮೀಟರ್‌ನ ತೂತು ಕಾಣುತ್ತಾ?

ಕನಕಪುರ ರೋಡ್:
ಬಿಳಿ ಕಾಗದದ ಮೇಲಾದರೆ ಕಾಣುತ್ತದೆ, ಕಪ್ಪಿನ ಮೇಲೆ ಇಲ್ಲ. ನಡೆದು ಹೋಗಿ ನೋಡುತ್ತೇನೆ. ಡಾಕ್ಟರ್ ಹೇಗೂ ನಡೆಯಿರಿ ಅಂದಿದ್ದಾರೆ.

ಕೊಡಗಿನ ಕೋವಿ:
ಹೆಗ್ಗಣ ಏನಾಯಿತು?

ಕನಕಪುರ ರೋಡ್:
ಒಂದು ಸಂಜೆ ಆರೂ ಮುಕ್ಕಾಲಿಗೆ ಸ್ಕೋಪ್ ಇಟ್ಟು ಬಿಲದ ಬಾಯಿ ನೋಡಿದೆ ಅಣ್ಣ. 2ರಲ್ಲೂ ಕಪ್ಪು, 7ರಲ್ಲೂ ಕಪ್ಪು. ರೈಫಲ್ ಚೀಲಕ್ಕೆ ಹಾಕಿದೆ. ಮರುದಿನ ಮಾವನವರು ಸಂತೆಯಿಂದ ಎರಡು ಬೋನು ತಂದರು, ಕೊಬ್ಬರಿ ನಾನು ಕಟ್ಟಿದೆ. ಇಲ್ಲಿಯ ತನಕ ನಾಲ್ಕು ಬಿದ್ದಿವೆ. ಸ್ಕೋಪಿನ ಬಗ್ಗೆ ಮಾವನವರು ಈಗ ಏನೂ ಅನ್ನುವುದಿಲ್ಲ. ನಾನು ಊಟಕ್ಕೆ ಹೋದಾಗ ಅದರಲ್ಲಿ ಎದುರಿನ ತೋಟದವರ ಪಂಪ್‌ಸೆಟ್ ನೋಡುತ್ತಿದ್ದರು. 'ರೈಫಲ್ ಮೇಲಿನ ಸ್ಕೋಪಲ್ಲಿ ಜನರ ಕಡೆ ನೋಡಬಾರದು ಮಾವ' ಅಂತ ಹೇಳಿ ಒಂದು ಬೈನಾಕ್ಯುಲರ್ ತಂದುಕೊಡುತ್ತೇನೆ ಅಂದಿದ್ದೇನೆ. ಲೆನ್ಸ್ ಸರ್, 8×42 ತೆಗೆದುಕೊಳ್ಳಲಾ, 10×42 ತೆಗೆದುಕೊಳ್ಳಲಾ?